ತೋಳಿನ ಜಾಗ

ನಾನು ಹೇಳುತ್ತಾ ಹೋಗುತ್ತೇನೆ, ನೀವು ನಡುನಡುವೆ ಹೂಂ ಅನ್ನುತ್ತಿರಬೇಕು. ಹೂಂ ಅನ್ನುವವರಿಲ್ಲದೆ ಕಥೆ ಹೇಳಿದರೆ ಹೇಳಿದವನ ನಾಲಿಗೆಗೆ ಪಾಚಿ ಕಟ್ಟುತ್ತದೆ. ನನ್ನ ನಾಲಿಗೆಗೆ ಇದುವರೆಗೆ ಪಾಚಿ ಕಟ್ಟಿಲ್ಲ.

ಆ ಊರು ಎಲ್ಲಿದೆ ಎಂದು ಕೇಳಬೇಡಿ. ಕಡಲಿನಿಂದ ನೋಡಿದರೆ ಅದು ಭೂಮಿಯ ಕೊನೆ, ಭೂಮಿಯಿಂದ ನೋಡಿದರೆ ಕಾಣುವುದೇ ಇಲ್ಲ. ಎದುರಿಗೆ ಒಂದು ಮರಳ ದಿಣ್ಣೆ. ದಿಣ್ಣೆಯ ಈಚೆಗೆ ತಟ್ಟೆಯಲ್ಲಿ ಎಣ್ಣೆ ಹೊಯ್ದ ಹಾಗೆ ನಿಂತ ನೀರು, ಆಚೆಗೆ ಕಡಲು. ನಾನು ಆ ಊರಿನ ಚುಕ್ಕಾಣಿಯವನು. ನನ್ನಂಥ ಚುಕ್ಕಾಣಿಯವನು ಹಿಂದೆ ಹುಟ್ಟಿಲ್ಲ, ಮುಂದೆ ಹುಟ್ಟುವವನು ನನ್ನ ಅಪ್ಪಣೆ ಕೇಳಿ ಹುಟ್ಟಬೇಕು. ನೀರಿನೊಳಗೆ ಮುಳುಗಿ, ಅಲ್ಲೇ ಚಕ್ಕಳಮಕ್ಕಳ ಹಾಕಿ ಕೂತು, ಎಲೆಗೆ ಸುಣ್ಣ ಹಚ್ಚಿ, ಅಡಿಕೆ ಕಡಿದು, ವೀಳ್ಯ ಮೆದ್ದು, ಕೆಂಪಗೆ ಉಗುಳಿ ಮೇಲೆ ಬರುತ್ತಿದ್ದೆ. ಒಮ್ಮೆ ಉಗುಳಿದ್ದು ಒಂದು ತಾಟೆ ಮೀನಿನ ಮೈಮೇಲೆ ಬಿತ್ತು. ಮನುಷ್ಯರನ್ನು ನುಂಗುವ ಆ ಮೀನು ಇವತ್ತಿಗೂ ದಿಬ್ಬಣಕ್ಕೆ ಹೊರಟ ಮದುವಣಗಿತ್ತಿಯ ಹಾಗೆ ಕೆಂಪಗೆ ನಾಚಿಕೊಂಡು ತಿರುಗುತ್ತಿದೆ. ನೀರಿನೊಳಗೆ ನನ್ನ ಕಣ್ಣು ಬೆಕ್ಕಿನ ಕಣ್ಣು. ಈ ಕಥೆಯಲ್ಲಿ ನೀರಿನೊಳಗೆ ನಡೆದದ್ದನ್ನೆಲ್ಲ ನಾನು ಆ ಕಣ್ಣಿನಿಂದಲೇ ಕಂಡೆ.

ಆ ಊರಿನ ದೋಣಿಗಳಿಗೆ ಒಂದೇ ತೋಳು. ದೋಣಿಯ ಎಡಕ್ಕೆ ಎರಡು ಬಿದಿರ ಕೋಲು ಅಡ್ಡ ಚಾಚಿ, ಅವುಗಳ ತುದಿಗೆ ಹಗುರ ಮರದ ಒಂದು ದಿಮ್ಮಿಯನ್ನು ತೆಂಗಿನ ನಾರಿನ ಕತ್ತದ ಹಗ್ಗದಲ್ಲಿ ಬಿಗಿದಿರುತ್ತಾರಲ್ಲ, ಅದೇ ತೋಳು. ಅದು ನೀರಿನ ಮೇಲೆ ಅಂಗೈ ಊರಿಕೊಂಡಿರುವುದರಿಂದ ದೋಣಿ ಸುಲಭಕ್ಕೆ ಮಗುಚುವುದಿಲ್ಲ. ಸುಲಭಕ್ಕೆ ಮಗುಚದ ಆ ದೋಣಿಯನ್ನು ದಿನಾ ಬೆಳಿಗ್ಗೆ ಮಗುಚಬೇಕು. ಅದು ಆ ಊರಿನ ಕಟ್ಟಳೆ.

ನೀರು ಏರದೆ ಇಳಿಯದೆ ನಿಂತ ಹೊತ್ತಿನಲ್ಲಿ ದೋಣಿಗಳು ಇಳಿಯುತ್ತವೆ. ಕರಿಬಂಡೆಯ ಮೇಲೆ ಮಗುಚಜ್ಜಿ ಕೂರುತ್ತಾಳೆ. ಅವಳ ಮುಂದೆ ಬೋರಲು ಹಾಕಿದ ತಾಮ್ರದ ಹಂಡೆ. ಊರಿನವರೆಲ್ಲ ದಡದಲ್ಲಿ ನೀರಿಗೆ ಬೆನ್ನು ಹಾಕಿ ನಿಲ್ಲುತ್ತಾರೆ. ಅಜ್ಜಿ ಹಂಡೆಗೆ ಒಂದು ಪೆಟ್ಟು ಕೊಟ್ಟರೆ ದೋಣಿ ಮಗುಚಬೇಕು. ಎರಡನೆಯ ಪೆಟ್ಟಿಗೆ ದೋಣಿ ಏಳಬೇಕು. ಮೂರನೆಯ ಪೆಟ್ಟಿಗೆ ಊರು ತಿರುಗಿ ನೋಡುತ್ತದೆ. ಊರು ತಿರುಗಿದಾಗ ದೋಣಿಯನ್ನು ಹಿಡಿದಿರುವವರು ಇದ್ದಾರೆ. ಹಿಡಿಯದವರು ಇಲ್ಲ. ಇಲ್ಲ ಅಂದರೆ, ಹುಟ್ಟಿಯೇ ಇಲ್ಲ.

ಸತ್ತರು ಅಂತಲ್ಲ. ಸತ್ತವರಿಗೆ ಒಂದು ಹಿಡಿ ಅನ್ನ ಇಡುತ್ತಾರೆ, ಕಾಗೆ ಕರೆಯುತ್ತಾರೆ, ಹೆಂಗಸರು ಅಳುತ್ತಾರೆ. ಇವರಿಗೆ ಅದೂ ಇಲ್ಲ. ಈಜಿ ದಡಕ್ಕೆ ಬಂದು, ನೀರು ಸುರಿಸುತ್ತ ಎದುರಿಗೆ ನಿಂತು, 'ನಾನು, ನಾನು' ಎಂದು ಎದೆ ತಟ್ಟಿಕೊಂಡರೂ ಊರಿನವರು ಹೆಗಲ ಬಟ್ಟೆಯನ್ನು ಕುತ್ತಿಗೆಗೆ ಎಳೆದುಕೊಂಡು "ಗಾಳಿ ಬೀಸ್ತು" ಅನ್ನುತ್ತಾರೆ. ಅವರು ಉಣ್ಣುತ್ತಿದ್ದ ತಟ್ಟೆಯನ್ನು ಬೋರಲು ಹಾಕುತ್ತಾರೆ. ಅಲ್ಲಿಗೆ ಮುಗಿಯಿತು.

ಇದಕ್ಕೂ ಒಂದು ಕಾರಣವಿತ್ತು. ಹಿಂದೆ ಯಾವ ಕಾಲದಲ್ಲೋ ಕಡಲು ಎದ್ದು ಊರಿನ ದೋಣಿಗಳನ್ನೆಲ್ಲ ಮಗುಚಿ, ಕೈಬಿಟ್ಟವರನ್ನೆಲ್ಲ ಒಯ್ದಿತಂತೆ. ಉಳಿದವರು ಕೂತು ಯೋಚಿಸಿದರಂತೆ. ಕೈಬಿಟ್ಟವರನ್ನು ಕಡಲು ಒಯ್ಯುತ್ತದೆ, ಕಡಲಿಗಿಂತ ಮುಂಚೆ ನಾವೇ ಅವರ ಕೈಬಿಟ್ಟರೆ ಕಡಲಿಗೆ ಒಯ್ಯಲು ಏನು ಉಳಿಯುತ್ತದೆ? ಅಂದಿನಿಂದ ಆ ಊರಿನಲ್ಲಿ ಒಬ್ಬರೂ ಮುಳುಗಿಲ್ಲ. ನೆರೆಯೂರಿನವರು ಬಂದರೆ ನಾವು ಎದೆಯುಬ್ಬಿಸಿ ಹೇಳುತ್ತಿದ್ದೆವು, "ನಮ್ಮಲ್ಲಿ ಇದುವರೆಗೆ ಒಬ್ಬರೂ ಮುಳುಗಿಲ್ಲ." ಅವರು ತೆರೆದ ಬಾಯಿ ಮುಚ್ಚದೆ ಹೋಗುತ್ತಿದ್ದರು. ಮಗುಚುವುದರಲ್ಲಿ, ಏಳುವುದರಲ್ಲಿ ಹೊತ್ತು ಕಳೆದು, ದಿಣ್ಣೆಯ ಆಚೆ ಮೀನಿಗೆ ಹೋಗುವುದೇ ನಿಂತುಹೋಗಿತ್ತು ಅನ್ನುವುದು ಬೇರೆ ಮಾತು.

ನಮ್ಮ ದೋಣಿಯಲ್ಲಿ ನಾಲ್ಕು ಹಲಗೆ, ನಾಲ್ಕು ಜನ. ಮೂತಿಯಲ್ಲಿ ಮುಂದಿನವ. ಅವನ ಹಿಂದೆ ತೆಂಗಿನ ಚಿಪ್ಪು ಹಿಡಿದು ನೀರು ಚೆಲ್ಲುವವಳು. ಅವಳ ಹಿಂದೆ ತೋಳಿನವ. ಕೊನೆಯಲ್ಲಿ ನಾನು. ನೀರು ಚೆಲ್ಲುವವಳು ತೋಳಿನವನ ಹೆಂಡತಿ.

ತೋಳಿನವನ ಹಲ್ಲು ಅಂದರೆ ಹಲ್ಲು. ತೆಂಗಿನಕಾಯಿಯನ್ನು ಕತ್ತಿ ಮುಟ್ಟಿಸದೆ ಬಾಯಲ್ಲೇ ಸುಲಿಯುತ್ತಿದ್ದ. ನೀರು ಚೆಲ್ಲುವವಳ ಜಡೆ ಅಂದರೆ ಜಡೆ. ಒಮ್ಮೆ ಲಂಗರಿನ ಹಗ್ಗ ಹರಿದಾಗ ಅವಳನ್ನು ದಡದಲ್ಲಿ ಕೂರಿಸಿ ಆ ಜಡೆಗೇ ದೋಣಿ ಕಟ್ಟಿದ್ದೆವು. ಇಳಿತದ ನೀರು ದೋಣಿಯನ್ನು ಎಳೆಯುತ್ತಿತ್ತು. ಅವಳು ಕೂತಲ್ಲೇ ಬುಟ್ಟಿ ಬಂಗಡೆ ಹಸನು ಮಾಡಿ, "ಇನ್ನೊಂದು ದೋಣಿ ಇದ್ರೆ ಅದನ್ನೂ ಕಟ್ಟಿ ಮಾರಾಯ್ರೆ, ತಲೆ ಹಗೂರಾಗ್ತದೆ" ಅಂದಳು.

ಮಗುಚಿದ ದೋಣಿಯನ್ನು ಎಬ್ಬಿಸುವುದು ಹೀಗೆ. ನಾನೂ ಮುಂದಿನವನೂ ಬೋರಲಾದ ದೋಣಿಯ ಬೆನ್ನು ಹತ್ತಿ ಬಿದಿರ ಕೋಲುಗಳನ್ನು ಹಿಡಿದು ಹಿಂದಕ್ಕೆ ವಾಲುತ್ತೇವೆ. ನೀರು ಚೆಲ್ಲುವವಳು ದೋಣಿಯ ಹೊಟ್ಟೆಯೊಳಗೆ ಸಿಕ್ಕಿಬಿದ್ದ ಚೂರು ಗಾಳಿಗೆ ಮೂಗು ಕೊಟ್ಟು, ಹಲಗೆ ಹಿಡಿದು ತಲೆಕೆಳಗಾಗಿ ಕಾಯುತ್ತಾಳೆ. ತೋಳಿನವ ದೂರದಲ್ಲಿ ತೇಲುತ್ತಿರುವ ತೋಳಿನ ಅಡಿಗೆ ಹೋಗಿ ಅದನ್ನು ಮೇಲಕ್ಕೆ ನೂಕುತ್ತಾನೆ. ತೋಳು ನೀರು ಸುರಿಸುತ್ತ ಎದ್ದು, ಆಕಾಶಕ್ಕೆ ನೆಟ್ಟಗಾಗಿ, ನಮ್ಮ ತಲೆಯ ಮೇಲಿನಿಂದ ಹಾದು ಆಚೆ ಬದಿಗೆ ಬೀಳುತ್ತದೆ. ಅದು ಬೀಳುವಷ್ಟರಲ್ಲಿ ತೋಳಿನವ ದೋಣಿಯ ಅಡಿಯಿಂದ ನುಸುಳಿ ಆಚೆಗೆ ಬಂದು ಅದನ್ನು ಅಪ್ಪಿಕೊಳ್ಳಬೇಕು. ಬೇಗ ಬಂದರೆ ಅದು ಅವನ ತಲೆಯ ಮೇಲೆ ಬೀಳುತ್ತದೆ. ತಡವಾದರೆ ಅವನು ಇಲ್ಲ. ಆ ಎರಡರ ನಡುವಿನ ಕೂದಲೆಳೆಯಷ್ಟು ಹೊತ್ತಿಗೆ ತೋಳಿನ ಜಾಗ ಎಂದು ಹೆಸರು.

ಒಂದು ಬೆಳಿಗ್ಗೆ ಅಜ್ಜಿ ಮೊದಲ ಪೆಟ್ಟು ಕೊಟ್ಟಳು. ನಾವು ಮಗುಚಿದೆವು. ನೀರು ಚೆಲ್ಲುವವಳ ಜಡೆ, ಬಿದಿರ ಕೋಲನ್ನು ದೋಣಿಯ ಅಂಚಿಗೆ ಬಿಗಿದ ಕತ್ತದ ಹಗ್ಗಕ್ಕೆ ಸುತ್ತಿಕೊಂಡಿತು. ಅವಳ ಮುಖ ಚೂರು ಗಾಳಿಗೂ ಎಟುಕದ ಹಾಗೆ ಕೆಳಗೆ ಸಿಕ್ಕಿತು. ಕೈಯಲ್ಲಿ ಚಿಪ್ಪು ಹಿಡಿದೇ ಇದ್ದಳು, ಬಾಯಿಂದ ಗುಳ್ಳೆ ಹೋಗುತ್ತಿತ್ತು. ತೋಳಿನವ ತೋಳನ್ನು ಬಿಟ್ಟು ಅವಳ ಹತ್ತಿರ ಹೋದ. ಬಿಡಿಸಲು ನೋಡಿದ, ಬರಲಿಲ್ಲ. ಜಡೆಗೆ ಬಾಯಿ ಹಾಕಿದ. ತೆಂಗಿನಕಾಯಿ ಸುಲಿಯುವ ಹಾಗೆ ಕಡಿದ. ಒಂದು ಮೊಳ ಜಡೆ ಹಗ್ಗದಲ್ಲೇ ಉಳಿಯಿತು, ಅವಳು ಬಿಡುಗಡೆಯಾದಳು. ಅವಳ ಕೈಯನ್ನು ಹಲಗೆಗೆ ಹಚ್ಚಿ, ತಾನು ತೋಳಿನ ಕಡೆಗೆ ತಿರುಗಿದ. ಎರಡನೆಯ ಪೆಟ್ಟು ಬಿದ್ದಿತ್ತು. ಹೇಗೋ ನೂಕಿದ, ತೋಳು ಎದ್ದಿತು, ಹಾದಿತು, ಬಿದ್ದಿತು.

ಮೂರನೆಯ ಪೆಟ್ಟು. ಊರು ತಿರುಗಿತು.

ತೋಳಿನವ ಆಗಷ್ಟೇ ನೀರಿನಿಂದ ತಲೆ ಎತ್ತಿದ್ದ. ತೋಳಿಗೂ ಅವನಿಗೂ ಎರಡು ಕೈ ದೂರ. ಬಾಯಲ್ಲಿ ಸಿಕ್ಕಿದ್ದ ಕೂದಲು ಉಗುಳಿ ನಗುತ್ತಿದ್ದ. "ಅಜ್ಜೀ, ಹುಡುಗಿಯ ತಲೆ ಬೋಳು ಮಾಡಿ ಬಂದೆ ಕಾಣು!"

"ಮೂರು" ಅಂದಳು ಮಗುಚಜ್ಜಿ.

"ಮೂರಲ್ಲ ಅಜ್ಜೀ, ನಾಲ್ಕು. ಇಲ್ಲಿದ್ದೇನಲ್ಲ!"

ಅಜ್ಜಿ ಸೆರಗನ್ನು ಕುತ್ತಿಗೆಗೆ ಎಳೆದುಕೊಂಡಳು. "ಗಾಳಿ ಬೀಸ್ತು."

ದಡದವರೆಲ್ಲ ಬಟ್ಟೆ ಎಳೆದುಕೊಂಡರು. ಮುಂದಿನವ ಎಳೆದುಕೊಂಡ. ನನ್ನ ಹೆಗಲಲ್ಲಿ ಬಟ್ಟೆ ಇರಲಿಲ್ಲ. ನಾನು ನನ್ನ ಗಡ್ಡವನ್ನೇ ಎಳೆದುಕೊಂಡೆ. ಅಷ್ಟು ಉದ್ದದ ಗಡ್ಡ ಆ ಊರಿನಲ್ಲಿ ನನಗೊಬ್ಬನಿಗೇ ಇತ್ತು.

ದೋಣಿ ದಡಕ್ಕೆ ಬಂತು. ಅಜ್ಜಿ ಬಂಡೆಯಿಂದ ಇಳಿದು ಬಂದು ನೀರು ಚೆಲ್ಲುವವಳ ಮುಂದೆ ನಿಂತಳು. ಕಟ್ಟಳೆಯ ಪ್ರಕಾರ ಮೂರು ಸಲ ಕೇಳಬೇಕು.

"ನಿನ್ನ ಗಂಡ ಎಲ್ಲಿ ಹೆಣ್ಣೇ?"

ಗಂಡ ಅವಳ ಪಕ್ಕದಲ್ಲೇ ನಿಂತು ಮೈಯ ನೀರು ಒರೆಸುತ್ತಿದ್ದ.

"ನಿನ್ನ ಗಂಡ ಎಲ್ಲಿ?"

ಅವಳು ಅಳುತ್ತಿದ್ದಳು. ಮುಂದಿನವ ಅವಳ ಕಿವಿಯ ಹತ್ತಿರ ಬಗ್ಗಿ, "ಹೇಳಿಬಿಡು ಮಾರಾಯ್ತಿ, ನೀನೂ ಗಾಳಿ ಆದ್ರೆ ಅವನಿಗೆ ಕೂಳು ಹಾಕುವವರು ಯಾರು?" ಅಂದ. ಮುಂದಿನವ ಕೆಟ್ಟವನಲ್ಲ, ಹೊಟ್ಟೆಯ ಲೆಕ್ಕ ಬಲ್ಲವನು.

"ನಿನ್ನ ಗಂಡ ಎಲ್ಲಿ?"

"ಯಾವ ಗಂಡ?" ಅಂದಳು.

ಅವಳ ಮನೆಯಲ್ಲಿ ಒಂದು ತಟ್ಟೆ ಬೋರಲಾಯಿತು. ನಮ್ಮ ದೋಣಿಯ ಮೂರನೆಯ ಹಲಗೆಯ ಮೇಲೆ ಕುಡಿಯುವ ನೀರಿನ ಗಡಿಗೆ ಇಟ್ಟರು. ನಮ್ಮ ದೋಣಿ ಮೊದಲಿನಿಂದಲೂ ಮೂವರದ್ದೇ ಎಂದು ಊರು ಹೇಳಿತು. ನೀರು ಚೆಲ್ಲುವವಳು ಚಿಪ್ಪನ್ನು ಸೊಂಟಕ್ಕೆ ಕಟ್ಟಿಕೊಂಡು, "ತೋಳಿನ ಜಾಗ ನಾನೇ ನೋಡ್ಕೊಳ್ತೇನೆ" ಅಂದಳು. ಹೆಂಗಸು ತೋಳು ಎತ್ತುವುದನ್ನು ಆ ಊರು ಕಂಡಿರಲಿಲ್ಲ. ಮೊದಲ ದಿನವೇ ಅವಳು ಎತ್ತಿದ ತೋಳು ಎಷ್ಟು ಮೇಲೆ ಹೋಯಿತೆಂದರೆ, ಅದು ಕೆಳಗೆ ಬರುವಷ್ಟರಲ್ಲಿ ನಾನು ಒಂದು ಕೋಳಿನಿದ್ದೆ ತೆಗೆದೆ.

ಹಗ್ಗದಲ್ಲಿ ಸಿಕ್ಕಿದ ಜಡೆಯನ್ನು ಯಾರೂ ಬಿಡಿಸಲಿಲ್ಲ. ಅದು ಅಂಚಿನಿಂದ ಜೋತುಬಿದ್ದು ಉಪ್ಪುನೀರು ಕುಡಿದು ಬಿಗಿಯಾಗುತ್ತ ಹೋಯಿತು. ಕೇಳಿದವರಿಗೆ ಮುಂದಿನವ "ಅದೊಂದು ಕತ್ತದ ತುಂಡು" ಅನ್ನುತ್ತಿದ್ದ.

ಅವಳ ಆಸೆ ಒಂದೇ. ಗಂಡ ತಿರುಗಿ ಇರಬೇಕು. ತನ್ನ ಜಡೆಯಿಂದ ಇಲ್ಲವಾದವನು ತನ್ನ ಕೈಯಿಂದ ಇದ್ದಾನೆ ಆಗಬೇಕು.

ಒಂದು ದಿನ ಅಜ್ಜಿಯ ಬಂಡೆಯ ಬುಡಕ್ಕೆ ಹೋಗಿ ಕೇಳಿದಳು. "ಅಜ್ಜೀ, ದೋಣಿ ಏಳುವಾಗ ಇನ್ನೊಂದು ಜೀವ ತೋಳು ಹಿಡ್ಕೊಂಡು ಬಂದ್ರೆ?"

"ಯಾರದ್ದು ಜೀವ?"

"ಯಾರದ್ದೋ."

"ನಿಮ್ಮ ದೋಣಿ ಎಷ್ಟು ಜನರದ್ದು?"

"ಮೂವರದ್ದು."

"ಮೂರು ಬಂದ್ರೆ ಮೂರು. ನಾಲ್ಕು ಬಂದ್ರೆ ಒಂದು ಗಾಳಿ. ಯಾವುದು ಗಾಳಿ ಅಂತ ನಾನು ಹೇಳ್ತೇನೆ." ಅಜ್ಜಿ ಹಂಡೆಯ ಮೇಲಿನ ಕಿಲುಬನ್ನು ಉಗುರಿನಿಂದ ಕೆರೆಯುತ್ತಿದ್ದಳು. "ಮೂರರಲ್ಲಿ ಯಾವ ಮೂರು ಅಂತ ಕಟ್ಟಳೆ ಕೇಳುವುದಿಲ್ಲ ಹೆಣ್ಣೇ. ಎಣಿಸ್ತದೆ ಅಷ್ಟೇ."

ಅವಳು ತಲೆಬಾಗಿ ಬಂದಳು. ಮಧ್ಯಾಹ್ನ ನಾನು ದಡದಲ್ಲಿ ಹಗ್ಗ ಹೊಸೆಯುತ್ತ ಕೂತಿದ್ದೆ. ನಾನು ಹೊಸೆದ ಹಗ್ಗದಲ್ಲಿ ಮೋಡ ಕಟ್ಟಿ ಎಳೆಯಬಹುದಿತ್ತು, ಅದು ಇರಲಿ. ಅವಳು ಮೀನು ಅನ್ನ ತಂದು ಬೋರಲು ತಟ್ಟೆಯ ಬೆನ್ನಿನ ಮೇಲೆ ಇಟ್ಟು, "ಕಾಗೆಗೆ" ಎಂದು ಗಟ್ಟಿಯಾಗಿ ಹೇಳಿ, ಕಡಲಿಗೆ ಮುಖ ಮಾಡಿ ಕೂತಳು. ಗಾಳಿಯ ಜೊತೆ ಮಾತಾಡಬಾರದು ಎಂದು ಕಟ್ಟಳೆಯಲ್ಲಿ ಇರಲಿಲ್ಲ. ಗಾಳಿ ಬಂದು ಅವಳ ಪಕ್ಕದಲ್ಲಿ ಕೂತು ಅನ್ನ ತಿನ್ನತೊಡಗಿತು. ಮೈಯೆಲ್ಲ ಮೂಳೆಯಾಗಿದ್ದ. ಹಲ್ಲು ಮಾತ್ರ ಹಾಗೇ ಇತ್ತು.

"ನಾಯಿಗೂ ಗೊತ್ತಾಗಿಬಿಟ್ಟಿದೆ ಕಣೇ" ಅಂದ. "ನಮ್ಮ ನಾಯಿ. ನಾನು ಕರೆದ್ರೆ ಕಿವಿ ಅಲ್ಲಾಡಿಸಿ ಗಾಳಿಗೆ ಬೆನ್ನು ಮಾಡಿ ಮಲಗ್ತದೆ."

"ಉಪ್ಪು ಸಾಕಾ?"

"ಉಪ್ಪಂತೆ ಉಪ್ಪು. ನಿನ್ನ ಜಡೆ ಬಿಡಿಸೋಕೆ ಹೋಗಿ ನಾನು ಹೋದೆ. ಯಾರು ಹೇಳಿದ್ದು ಅಷ್ಟುದ್ದ ಕೂದಲು ಬಿಡು ಅಂತ?"

"ನೀನೇ ಹೇಳಿದ್ದು. ಮದುವೆಯ ದಿನ."

ಅವನು ಮೀನಿನ ಮುಳ್ಳು ಚೀಪಿದ. ಅವಳು ಕಡಲನ್ನೇ ನೋಡುತ್ತ ಹೇಳಿದಳು. "ನಾಳೆ ನೀನು ತೋಳಿನ ಅಡಿಗೆ ಬಾ. ತೋಳನ್ನು ನಾನು ನೂಕ್ತೇನೆ, ಅಪ್ಪಿಕೊಳ್ಳುವುದು ನೀನು. ನಾನು ಬಿಟ್ಟುಬಿಡ್ತೇನೆ. ಮೂರಕ್ಕೆ ಮೂರು ಸರಿಹೋಗ್ತದೆ."

"ಮತ್ತೆ ನೀನು?"

"ನಾಡಿದ್ದು ನೀನು ಬಿಡು, ನಾನು ಹಿಡ್ಕೊಳ್ತೇನೆ. ಒಂದು ದಿನ ನೀನು ಇರು, ಒಂದು ದಿನ ನಾನು ಇರ್ತೇನೆ. ಒಂದೇ ಒಳ್ಳೆ ಸೀರೆ ಇರುವ ಅಕ್ಕತಂಗಿಯರು ಮಾಡೋದಿಲ್ವಾ, ಇವತ್ತು ಅಕ್ಕ ಉಟ್ಟು ಹೊರಗೆ ಹೋದ್ರೆ ತಂಗಿ ಬಾಗಿಲ ಹಿಂದೆ, ನಾಳೆ ತಂಗಿ ಉಟ್ರೆ ಅಕ್ಕ ಬಾಗಿಲ ಹಿಂದೆ. ಹಾಗೆ ಬದುಕಬಹುದು."

ಅವನು ಬೇಡ ಅನ್ನಲಿಲ್ಲ. "ಬೆಳಿಗ್ಗೆ ಎಷ್ಟು ಹೊತ್ತಿಗೆ?" ಅಂದ.

ಅವಳು ಕಡಲನೀರನ್ನು ಬೊಗಸೆಯಲ್ಲಿ ತಂದು ಅವನ ಬಾಯಿಗೆ ಹೊಯ್ದಳು. ಆ ಊರಿನ ಆಣೆ ಅದೇ. ಉಪ್ಪುನೀರು ನುಂಗಿ ಹೇಳಿದ ಮಾತು ತಪ್ಪಿದರೆ ಹೊಟ್ಟೆಯೊಳಗೆ ಕಡಲು ಬೆಳೆಯುತ್ತದೆ ಅನ್ನುತ್ತಾರೆ. ಅವನು ನುಂಗಿದ. "ನಾಡಿದ್ದು ಬಿಡ್ತೇನೆ" ಅಂದ.

ಅವಳು ನನ್ನ ಕಡೆ ತಿರುಗಿ, "ಚುಕ್ಕಾಣಿಯಣ್ಣ, ಏನಾದ್ರೂ ಕೇಳಿಸ್ತಾ?" ಅಂದಳು.

"ನನ್ನ ಕಿವಿಗೆ ಮೀನು ಮೊಟ್ಟೆ ಇಡುವ ಸದ್ದೂ ಕೇಳಿಸ್ತದೆ" ಅಂದೆ. "ಈಗ ಕೇಳಿಸಿದ್ದು ಗಾಳಿ."

ಅವಳು ನಕ್ಕಳು. ತುಂಡುಗೂದಲಿನ ಅವಳ ತಲೆ ಅದೇ ಆಗ ಸ್ನಾನ ಮಾಡಿಸಿದ ಕೂಸಿನ ತಲೆಯ ಹಾಗಿತ್ತು.

ಬೆಳಗಾಯಿತು. ನೀರು ನಿಂತಿತು. ಊರು ಬೆನ್ನು ಹಾಕಿತು. ಅಜ್ಜಿ ಮೊದಲ ಪೆಟ್ಟು ಕೊಟ್ಟಳು, ನಾವು ಮಗುಚಿದೆವು. ನೀರೊಳಗೆ ನೋಡಿದೆ, ತೋಳಿನ ಅಡಿಯಲ್ಲಿ ಇಬ್ಬರಿದ್ದರು. ಎರಡನೆಯ ಪೆಟ್ಟು. ಅವಳು ನೂಕಿದಳು. ತೋಳು ಎದ್ದು ಆಕಾಶಕ್ಕೆ ನೆಟ್ಟಗಾಯಿತು. ಅವಳು ಅವನ ಬೆನ್ನಿಗೆ ಕೈ ಕೊಟ್ಟು ದೋಣಿಯ ಅಡಿಯಿಂದ ಆಚೆಗೆ ತಳ್ಳಿದಳು, ಚಿಪ್ಪನ್ನು ಸೊಂಟದಿಂದ ಬಿಚ್ಚಿ ಅವನ ಕೈಗೆ ಕೊಟ್ಟಳು, ತಾನು ಹಿಂದೆ ಉಳಿದಳು. ತೋಳು ಬಿದ್ದಿತು. ಅವನು ಅಪ್ಪಿಕೊಂಡ.

ಮೂರನೆಯ ಪೆಟ್ಟು. ಊರು ತಿರುಗಿತು.

"ಮೂರು" ಅಂದಳು ಅಜ್ಜಿ. ಆಮೇಲೆ ತೋಳಿನವನನ್ನು ದಿಟ್ಟಿಸಿ ನೋಡಿ, ನಿನ್ನೆ ಸಂಜೆಯಷ್ಟೇ ಮಾತಾಡಿ ಬಿಟ್ಟವಳ ಹಾಗೆ, "ಎಂತ ತೋಳಿನವನೇ, ಸೊರಗಿದ್ದೀಯಲ್ಲ? ಹೊಟ್ಟೆ ಸರಿ ಇಲ್ವಾ?" ಅಂದಳು.

ಊರಿಗೆ ಊರೇ ಅವನನ್ನು ಮುತ್ತಿಕೊಂಡಿತು. ಒಬ್ಬ ಬೀಡಿ ಕೊಟ್ಟ. ಒಬ್ಬಳು ಬೆಲ್ಲ ಕೊಟ್ಟಳು. ನಾಯಿ ಬಂದು ಕಾಲು ನೆಕ್ಕಿತು. ನೀರು ಚೆಲ್ಲುವವಳು ಈಜಿ ಬಂದು ಮೊಣಕಾಲು ನೀರಿನಲ್ಲಿ ನಿಂತು, ಬಾಯಿಗೆ ಸೆರಗು ಅಡ್ಡ ಇಟ್ಟುಕೊಂಡು ಇದನ್ನೆಲ್ಲ ನೋಡುತ್ತಿದ್ದಳು. ಸಂತೋಷವನ್ನು ಮುಚ್ಚಿಡಲು ಅವಳಿಗೆ ಬರುತ್ತಿರಲಿಲ್ಲ.

ಅಜ್ಜಿ ಬಂಡೆಯಿಂದ ಇಳಿದು ಬಂದಳು. "ನಿನ್ನ ಹೆಂಡತಿ ಎಲ್ಲಿ ಮಗಾ?"

"ಯಾವ ಹೆಂಡತಿ?" ಅಂದ.

ಎರಡನೆಯ ಸಲ ಕೇಳುವ ಕೆಲಸವೇ ಅಜ್ಜಿಗೆ ಬೀಳಲಿಲ್ಲ. ನೀರಿನಲ್ಲಿ ನಿಂತಿದ್ದವಳು ಪಕ್ಕನೆ ನಕ್ಕುಬಿಟ್ಟಳು. ಅವಳಿಗೆ ಅದು ಆಟದ ಒಂದು ಭಾಗ, ಗಂಡ ಚೆನ್ನಾಗಿ ಆಡಿದ ಅನ್ನಿಸಿರಬೇಕು. "ಗಾಳಿ ಬೀಸ್ತು" ಅಂದರು ಯಾರೋ.

ಆ ದಿನ ಅವನ ತಟ್ಟೆ ಅಂಗಾತವಾಯಿತು, ಅವಳ ತಟ್ಟೆ ಬೋರಲಾಯಿತು. ಅವನು ಬಿಸಿ ಅನ್ನ ಉಂಡ. ಮಧ್ಯಾಹ್ನ ಅವಳು ಮನೆಯ ಹಿಂದಿನ ಬಾಗಿಲಲ್ಲಿ ಕಾದು ನಿಂತಳು. ಅವನು ಬೋರಲು ತಟ್ಟೆಯ ಮೇಲೆ ಅನ್ನ ಇಡಲಿಲ್ಲ. ಮರೆತಿರಬಹುದು. ಬಹಳ ದಿನ ಹಸಿದವನಿಗೆ ಹಸಿವು ಬಹಳ ಬೇಗ ಮರೆತುಹೋಗುತ್ತದೆ. ಹೊಟ್ಟೆ ತುಂಬಿದ ಮೇಲೆ ಅವನು ಜಗಲಿಗೆ ಬಂದು ಕೂತು ಮುಂದಿನವನ ಜೊತೆ ಚೌಕಾಬಾರ ಆಡಿದ. ಅವಳು ಹಿಂದೆ ನಿಂತು ಅವನ ಕಿವಿಯಲ್ಲಿ "ನಾಳೆ" ಅಂದಳು. ಅವನು ಹೆಗಲ ಬಟ್ಟೆಯನ್ನು ಕುತ್ತಿಗೆಗೆ ಎಳೆದುಕೊಂಡ. ಅವಳು ಅದಕ್ಕೂ ನಕ್ಕಳು.

ಮರುದಿನ ಬೆಳಿಗ್ಗೆ ನೀರು ನಿಂತಿತು. ಊರು ಬೆನ್ನು ಹಾಕಿತು. ಮೊದಲ ಪೆಟ್ಟು. ಮಗುಚಿದೆವು.

ಅವಳು ಮೊದಲೇ ಬಂದು ತೋಳಿನ ಅಡಿಯಲ್ಲಿ ಕಾಯುತ್ತಿದ್ದಳು. ಅವನು ಬಂದ. ಅವಳು ಅವನಿಗೆ ಜಾಗ ಬಿಟ್ಟು, ಕೈ ಚಾಚಿ ನಿಂತಳು, ಚಿಪ್ಪು ಕೊಡು ಅನ್ನುವ ಹಾಗೆ. ಅವನು ಕೊಡಲಿಲ್ಲ. ಎರಡನೆಯ ಪೆಟ್ಟು. ಅವನು ನೂಕಿದ, ತೋಳು ಎದ್ದಿತು, ಅವನು ದೋಣಿಯ ಅಡಿಯಿಂದ ನುಸುಳಿದ. ಅವಳೂ ನುಸುಳಿದಳು. ತೋಳು ಬಿದ್ದಾಗ ಅದರ ಮೇಲೆ ನಾಲ್ಕು ಕೈ. ಅವನು ಅವಳ ಬೆರಳುಗಳನ್ನು ತೆಗೆದ. ಹೆಬ್ಬೆರಳಿನಿಂದ ಶುರು ಮಾಡಿದ, ಕಿರುಬೆರಳಿಗೆ ಮುಗಿಸಿದ, ಪಾತ್ರೆಗೆ ಅಂಟಿದ ಅನ್ನದ ಅಗುಳು ತೆಗೆಯುವ ಹಾಗೆ. ಸಿಟ್ಟೇನೂ ಇರಲಿಲ್ಲ. ಒಂದು ಕೈ ತೆಗೆದರೆ ಅವಳು ಇನ್ನೊಂದು ಇಡುತ್ತಿದ್ದಳು, ಅದನ್ನೂ ತೆಗೆಯುತ್ತಿದ್ದ. ಕೊನೆಗೆ ಕಾಲಿನಿಂದ ಅವಳ ಎದೆಗೆ ಒದ್ದ.

ಅವಳು ಹಿಂದಕ್ಕೆ ಹೋದಳು. ಹೋಗುತ್ತ ಕೈ ಬೀಸಿದಳು. ಬೀಸಿದ ಕೈಗೆ ದೋಣಿಯ ಅಂಚಿನಿಂದ ಜೋತುಬಿದ್ದ ಜಡೆ ಸಿಕ್ಕಿತು. ಅವಳದ್ದೇ ಜಡೆ. ಉಪ್ಪು ಕುಡಿದು ಹಗ್ಗಕ್ಕಿಂತ ಗಟ್ಟಿಯಾಗಿದ್ದ ಆ ಒಂದು ಮೊಳ ಜಡೆಯನ್ನು ಎರಡೂ ಕೈಯಲ್ಲಿ ಹಿಡಿದಳು.

ಮೂರನೆಯ ಪೆಟ್ಟು. ಊರು ತಿರುಗಿತು.

ದೋಣಿಯಲ್ಲಿ ನಾನು, ಮುಂದಿನವ. ತೋಳಿನ ಮೇಲೆ ತೋಳಿನವ. ದೋಣಿಯ ಪಕ್ಕದಲ್ಲಿ, ತನ್ನ ಕೂದಲನ್ನು ತಾನೇ ಹಿಡಿದು ನೇತುಬಿದ್ದ ಅವಳು. ತೋಳನ್ನು ಅವಳು ಹಿಡಿದಿಲ್ಲ, ಹಲಗೆಯನ್ನೂ ಹಿಡಿದಿಲ್ಲ. ಹಿಡಿದದ್ದು ತನ್ನನ್ನೇ. ಆದರೆ ಅವಳ ಒಂದು ಮೊಳ ದೋಣಿಗೆ ಸೇರಿಬಿಟ್ಟಿತ್ತು.

ಅಜ್ಜಿ ಬಹಳ ಹೊತ್ತು ನೋಡಿದಳು. ಹಂಡೆ ಹೊಡೆಯುವ ಕೋಲಿನಿಂದ ಬೆನ್ನು ಕೆರೆದುಕೊಂಡಳು.

"ಆ ಹಗ್ಗ ಹಳೆಯದಾಗಿದೆ. ಜೋತುಬಿದ್ದಿದೆ ಕಾಣು" ಅಂದಳು. "ಆ ಕಟ್ಟು ಯಾರ ಜಾಗದ್ದು?"

"ನಂದು" ಅಂದ ತೋಳಿನವ.

"ಹಾಗಾದ್ರೆ ಕೊಯ್ದು ಒಗಿ. ನಾನು ಎಣಿಸಬೇಕು."

ನನ್ನ ಸೊಂಟದಲ್ಲಿ ಚೂರಿ ಇತ್ತು. ಎಂಥ ಚೂರಿ! ಅದರಿಂದ ನಾನು ಅಲೆಯನ್ನು ಎರಡು ಸೀಳು ಮಾಡಿ ನಡುವೆ ದೋಣಿ ದಾಟಿಸಿದ್ದೇನೆ. ಅವನು ಕೇಳಲಿಲ್ಲ, ನಾನು ಕೊಡಲಿಲ್ಲ. ಅವನು ಬಿದಿರ ಕೋಲಿನ ಮೇಲೆ ತೆವಳಿ ಅಂಚಿಗೆ ಬಂದು, ಬಗ್ಗಿ, ಜಡೆಗೆ ಬಾಯಿ ಹಾಕಿದ. ಅವನ ಮುಖ ಅವಳ ಮುಖಕ್ಕೆ ಅಷ್ಟು ಹತ್ತಿರ ಇತ್ತು. ಅವಳು ಅವನನ್ನೇ ನೋಡುತ್ತಿದ್ದಳು. ಮೊದಲ ಸಲ ಅವನು ಕಡಿದಾಗಲೂ ಹಾಗೇ ನೋಡಿದ್ದಳು, ನೀರೊಳಗೆ. ಹಲ್ಲು ಅದೇ, ಜಡೆ ಅದೇ, ಸದ್ದೂ ಅದೇ, ಕಾಯಿಯ ಸಿಪ್ಪೆ ಬಿಡುವ ಸದ್ದು.

"ನಾಳೆ ಬಿಡ್ತೀಯಾ?" ಅಂದಳು.

ಬಾಯಿ ತುಂಬ ಕೂದಲಿದ್ದವನು ಮಾತಾಡುವುದು ಹೇಗೆ? ಕಡಿದ.

ಇಳಿತ ಆಗಷ್ಟೇ ಶುರುವಾಗಿತ್ತು. ಒಂದು ಮೊಳ ಜಡೆಯನ್ನು ಎದೆಗೆ ಅವುಚಿಕೊಂಡು ಅವಳು ಹೋಗತೊಡಗಿದಳು. ಮೂಳೆ ಮುರಿದಿತ್ತೋ, ಒದೆ ಎಲ್ಲಿಗೆ ತಾಗಿತ್ತೋ, ಈಜಲಿಲ್ಲ. ದಿಣ್ಣೆಯ ಬಾಯಿಯಿಂದ ಹೊರಗೆ ಹೋಗುವವರೆಗೂ ಮುಖ ದೋಣಿಯ ಕಡೆಗೇ ಇತ್ತು. ನನ್ನ ಬೆಕ್ಕಿನ ಕಣ್ಣಿಗೆ ಆಮೇಲೂ ಬಹಳ ಹೊತ್ತು ಕಂಡಿತು.

"ಮೂರು" ಅಂದಳು ಅಜ್ಜಿ.

ಆ ವಾರ ನೆರೆಯೂರಿನವರು ಬಂದರು. ದಿಣ್ಣೆಯ ಆಚೆ ಏನೋ ತೇಲಿದ್ದು ಕಂಡೆವು, ನಿಮ್ಮವರು ಯಾರಾದರೂ ಹೋದರಾ ಎಂದು ಕೇಳಿದರು. "ನಮ್ಮಲ್ಲಿ ಇದುವರೆಗೆ ಒಬ್ಬರೂ ಮುಳುಗಿಲ್ಲ" ಎಂದು ನಾನೇ ಮುಂದೆ ನಿಂತು ಹೇಳಿದೆ. ನನ್ನಷ್ಟು ಗಟ್ಟಿ ಗಂಟಲು ಆ ಊರಿನಲ್ಲಿ ಯಾರಿಗೂ ಇರಲಿಲ್ಲ.

ಆದರೆ ತೋಳಿನವನ ಹಲ್ಲಿನ ಸಂದಿಯಲ್ಲಿ ಒಂದು ಕೂದಲು ಸಿಕ್ಕಿಕೊಂಡಿತು. ಮೀನಿನ ಮುಳ್ಳಿನಿಂದ ಕಿತ್ತ, ಬರಲಿಲ್ಲ. ಎಳೆದ, ಬಂತು, ಬರುತ್ತಲೇ ಹೋಯಿತು. ಕಿತ್ತಷ್ಟೂ ಬೆಳೆಯಿತು. ಬೆಳಿಗ್ಗೆ ಏಳುವಷ್ಟರಲ್ಲಿ ಗಲ್ಲದಿಂದ ಇಳಿದು ಎದೆಗೆ ಬರುತ್ತಿತ್ತು. ಇದು ನಾನು ಹೇಳುವ ಸುಳ್ಳಲ್ಲ, ನನ್ನ ಸುಳ್ಳುಗಳೆಲ್ಲ ಇದಕ್ಕಿಂತ ಚೆಂದ ಇರುತ್ತವೆ. ಉಂಡ ಅನ್ನದೊಳಗೆ ಕೂದಲು, ಕುಡಿದ ನೀರಿನೊಳಗೆ ಕೂದಲು. ಯಾರಾದರೂ ಕೇಳಿದರೆ "ಕತ್ತ" ಅನ್ನುತ್ತಿದ್ದ. ಆಮೇಲಾಮೇಲೆ ಬಾಯಿ ಮುಚ್ಚಲಾಗಲಿಲ್ಲ. ಹಲ್ಲುಗಳಿಗೆ ಕಡಿಯಲು ಅದು ಎಟುಕುತ್ತಿರಲಿಲ್ಲ, ಹಲ್ಲಿನ ಬುಡದಲ್ಲೇ ಇತ್ತಲ್ಲ.

ಒಂದು ಬೆಳಿಗ್ಗೆ ನಾನೂ ಮುಂದಿನವನೂ ದೋಣಿಗೆ ಎಣ್ಣೆ ಸವರುತ್ತಿದ್ದಾಗ ಬಂದ. ಕಣ್ಣಲ್ಲಿ ನೀರಿತ್ತು. "ಅಣ್ಣಾ" ಅಂದ. "ಚುಕ್ಕಾಣಿಯಣ್ಣಾ, ನಿನ್ನ ಚೂರಿ ಕೊಡು. ಇದೊಂದನ್ನ ಕೊಯ್ದುಕೊಡು ಮಾರಾಯಾ."

ನಾನು ಅವನ ಬಾಯಿಯ ಕಡೆ ನೋಡಿದೆ. ಕಪ್ಪಗೆ, ನಯವಾಗಿ, ಹೊಳೆಯುತ್ತಿತ್ತು. ಎಣ್ಣೆ ಹಚ್ಚಿ ಬಾಚಿದ ಹಾಗೆ.

ಮುಂದಿನವನ ಕಡೆ ತಿರುಗಿ, ಗಡ್ಡ ಎಳೆದುಕೊಂಡು ಹೇಳಿದೆ. "ಗಾಳಿ ಬೀಸ್ತು ಅಲ್ವಾ?"

ಹಂಡೆಗೆ ಪೆಟ್ಟು ಬಿದ್ದಿರಲಿಲ್ಲ. ದೋಣಿ ಮಗುಚಿರಲಿಲ್ಲ. ಒಣ ಮರಳಿನ ಮೇಲೆ ನಿಂತವನನ್ನು ಯಾರೂ ಹಾಗೆ ಅಂದದ್ದಿರಲಿಲ್ಲ, ಅದನ್ನು ಮೊದಲು ಮಾಡಿದವನು ನಾನು. ಮುಂದಿನವ ಅವನನ್ನು ನೋಡಿದ, ನನ್ನನ್ನು ನೋಡಿದ, ನನ್ನ ಸೊಂಟದ ಚೂರಿ ನೋಡಿದ. ಆಮೇಲೆ ನಿಧಾನವಾಗಿ ಹೆಗಲ ಬಟ್ಟೆಯನ್ನು ಕುತ್ತಿಗೆಗೆ ಎಳೆದುಕೊಂಡ.

"ಹೌದು ಮಾರಾಯಾ, ಥಂಡಿ ಗಾಳಿ" ಅಂದ.

ಆ ದಿನ ನಾವಿಬ್ಬರೇ ಮಗುಚಿದೆವು, ಇಬ್ಬರೇ ಎಬ್ಬಿಸಿದೆವು. ದೋಣಿ ಎದ್ದ ಕ್ಷಣಕ್ಕೆ ನಾನು ಆಚೆಗೆ ನುಸುಳಿ ತೋಳನ್ನೂ ಅಪ್ಪಿದೆ, ನನ್ನಿಂದ ಆಗದ್ದು ಏನಿದೆ? ಊರು ತಿರುಗಿತು. ಅಜ್ಜಿ ಕೋಲು ಎತ್ತಿ ಎಣಿಸಿದಳು. "ಎರಡು." ದಡದಲ್ಲಿ ಒಬ್ಬ ಕೂದಲು ತುಂಬಿದ ಬಾಯಿಯಿಂದ ಏನೋ ಕೂಗುತ್ತಿದ್ದ, ಮಾತು ತಿಳಿಯುತ್ತಿರಲಿಲ್ಲ. ನಮ್ಮ ದೋಣಿ ಮೊದಲಿನಿಂದಲೂ ಇಬ್ಬರದ್ದೇ ಎಂದು ಊರು ಹೇಳಿತು.

ಈಗ ಹಲಗೆ ನಾಲ್ಕಿವೆ, ಎರಡರ ಮೇಲೆ ಗಡಿಗೆ. ಬೆಳಿಗ್ಗೆ ಮೂತಿಯಲ್ಲಿ ಮುಂದಿನವ, ಕೊನೆಯಲ್ಲಿ ನಾನು. ಮೊದಲು ಅವನು ನನಗೆ ಬೆನ್ನು ಹಾಕಿ ಕೂರುತ್ತಿದ್ದ. ಈಗ ಎದುರುಮುಖ ಕೂರುತ್ತಾನೆ, ನನ್ನನ್ನೇ ನೋಡುತ್ತ ಹುಟ್ಟು ಹಾಕುತ್ತಾನೆ. ನಾನೂ ಅವನನ್ನೇ ನೋಡುತ್ತ ಚುಕ್ಕಾಣಿ ಹಿಡಿಯುತ್ತೇನೆ. ಅವನ ಕೈ ಹೆಗಲ ಬಟ್ಟೆಯ ಮೇಲೆ, ನನ್ನ ಕೈ ಗಡ್ಡದ ಮೇಲೆ. ಮೊದಲು ಬಾಯಿ ಬಿಟ್ಟವನಿಗೆ ಇನ್ನೊಬ್ಬ ಏನು ಅನ್ನುತ್ತಾನೆ ಎಂದು ಇಬ್ಬರಿಗೂ ಗೊತ್ತು. ಅದಕ್ಕೇ ದೋಣಿಯಲ್ಲಿ ಮಾತಿಲ್ಲ. ಇಷ್ಟು ದೊಡ್ಡ ಮಾತುಗಾರ, ಮಾತಾಡದೆ ಎಷ್ಟು ದಿನ ಇರಲಿ? ಅದಕ್ಕೇ ದಡಕ್ಕೆ ಬಂದವನು ನಿಮ್ಮ ಹತ್ತಿರ ಬಂದೆ.

ಆಗಿನಿಂದ ಹೇಳುತ್ತಿದ್ದೇನೆ. ತಾಟೆ ಮೀನಿನದ್ದು ಹೇಳಿದೆ, ಜಡೆಯದ್ದು ಹೇಳಿದೆ, ಚೂರಿಯದ್ದು ಹೇಳಿದೆ. ನೀವು ಒಂದು ಸಲವೂ ಹೂಂ ಅನ್ನಲಿಲ್ಲ.

ಕೈ ಯಾಕೆ ಕುತ್ತಿಗೆಗೆ ಹೋಗುತ್ತಿದೆ? ಚಳಿಯೇನೂ ಇಲ್ಲವಲ್ಲ.

ಹೂಂ ಅನ್ನಿ.